ಹಸ್ತಾಸ್ಥಿಗಳ ಗಣನೆಯೂ ಅಂಗುಷ್ಠದ ವಿಚಾರವೂ

೧

ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಬರುವ ಅಸ್ಥಿಗಣನೆಯನ್ನು ಕುರಿತು ವಿದ್ವಾಂಸರಲ್ಲಿ ಎರಡು ಬಗೆಯ ಅಭಿಪ್ರಾಯಗಳು ಬಹುಕಾಲದಿಂದ ನಡೆದುಬಂದಿವೆ. ಮನುಷ್ಯಶರೀರದಲ್ಲಿ ಎಲುಬುಗಳು ೩೬೦ ಎಂದು ಚರಕಸಂಹಿತೆಯೂ, ೩೦೦ ಎಂದು ಸುಶ್ರುತಸಂಹಿತೆಯೂ ಹೇಳುತ್ತವೆ. ಇಂದಿನ ಶಾರೀರಶಾಸ್ತ್ರವಾದರೋ ಪ್ರಾಯಕ್ಕೆ ಬಂದವನ ದೇಹದಲ್ಲಿ ೨೦೬ನ್ನು ಮಾತ್ರ ಎಣಿಸುತ್ತದೆ. ಈ ಭೇದವನ್ನು ಕಂಡು, ಹಿಂದಿನವರು ಶವವನ್ನು ನೋಡದೆಯೇ ಸಂಖ್ಯೆಯನ್ನು ಕಲ್ಪಿಸಿಕೊಂಡರೆಂದು ಒಂದು ಪಕ್ಷದವರು ಹೇಳುತ್ತಾರೆ. ಆರ್ಷವಾಕ್ಯಕ್ಕೆ ದೋಷವೆಂಬುದೇ ಇಲ್ಲವೆಂದೂ, ಎಣಿಕೆಯ ಕ್ರಮವು ಬೇರೆಯಾದುದರಿಂದ ಮಾತ್ರ ಸಂಖ್ಯೆ ಬೇರೆಯಾಗಿದೆಯೆಂದೂ ಇನ್ನೊಂದು ಪಕ್ಷದವರು ಸಮಾಧಾನ ಹೇಳುತ್ತಾರೆ. ಈ ಎರಡು ಪಕ್ಷಗಳವರೂ ಸಾಮಾನ್ಯವಾಗಿ ಮೊತ್ತವನ್ನು ಹಿಡಿದು ವಾದಿಸುವರೇ ಹೊರತು, ಆ ಮೊತ್ತಕ್ಕೆ ಸೇರಿದ ಬಿಡಿಲೆಕ್ಕವನ್ನು ಬಿಚ್ಚಿ ನೋಡುವುದು ಅಪರೂಪ.

ಆದಕಾರಣ ಪ್ರಕೃತ ಲೇಖನದಲ್ಲಿ ಇಡಿಯ ದೇಹವನ್ನು ಬಿಟ್ಟು ಒಂದೇ ಅವಯವವನ್ನು, ಎಂದರೆ ಕೈಯನ್ನು, ಅದರಲ್ಲಿಯೂ ಬೆರಳುಗಳನ್ನು, ವಿಚಾರಕ್ಕೆ ತೆಗೆದುಕೊಂಡಿದೆ. ಈ ಅವಯವವನ್ನು ಆರಿಸಿಕೊಳ್ಳಲು ಕಾರಣವುಂಟು. ಹೃದಯ ಯಕೃತ್ತುಗಳಂತೆ ಇದು ಮರೆಯಲ್ಲಿರುವ ವಸ್ತುವಲ್ಲ. ಗ್ರಂಥವು ಹೇಳಿದ ಮಾತು ನಿಜವೋ ಅಲ್ಲವೋ ಎಂಬುದನ್ನು ಓದುವವನು ತನ್ನ ಬೆರಳನ್ನೇ ಮಡಿಚಿ ಪರೀಕ್ಷಿಸಿಕೊಳ್ಳಬಹುದು. ಇಷ್ಟು ಸುಲಭವಾಗಿ ಕಾಣುವ ಎಡೆಯಲ್ಲಿಯೇ ಶಾಸ್ತ್ರದ ಸಂಖ್ಯೆಯು ವಸ್ತುವಿಗೆ ಒಂದರಿಂದ ಹೆಚ್ಚಾಗಿದ್ದರೆ, ಆ ಒಂದು ಎಲ್ಲಿಂದ ಬಂದಿತೆಂಬುದು ಕೇಳತಕ್ಕ ಪ್ರಶ್ನೆಯೇ ಸರಿ.

ಮೊದಲು ಇಂದು ಸಿದ್ಧವಾಗಿರುವ ವಿಷಯವನ್ನು ಸಂಗ್ರಹವಾಗಿ ಹೇಳುವುದು ಯುಕ್ತ. ಒಂದು ಕೈಯಲ್ಲಿ ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ೨೭ ಎಲುಬುಗಳಿವೆ. ಮಣಿಕಟ್ಟಿನಲ್ಲಿ ಎರಡು ಸಾಲಾಗಿ ೮ ಸಣ್ಣ ಎಲುಬುಗಳು. ಮುಂದೋಳಿನ ಕಡೆಯ ಸಾಲಿನಲ್ಲಿ, ಹೆಬ್ಬೆರಳ ಪಕ್ಕದಿಂದ ಎಣಿಸಿದರೆ, ದೋಣಿಯಂತೆ ಒಂದು, ಅರ್ಧಚಂದ್ರನಂತೆ ಒಂದು, ಮುಮ್ಮೂಲೆಯದು ಒಂದು, ಬಟಾಣಿಕಾಳಿನಂತೆ ಒಂದು. ಅಂಗೈಯ ಕಡೆಯ ಸಾಲಿನಲ್ಲಿ ವಿಷಮವಾದ ಚತುಷ್ಕೋಣಗಳು ಎರಡು, ದುಂಡು ತಲೆಯುಳ್ಳದು ಒಂದು, ಕೊಕ್ಕೆಯುಳ್ಳದು ಒಂದು. ಅಂಗೈಯಲ್ಲಿ ಬೆರಳಿಗೊಂದರಂತೆ ೫ ನೀಳವಾದ ಎಲುಬುಗಳು. ಬೆರಳುಗಳಲ್ಲಿ ೧೪: ನಾಲ್ಕು ಬೆರಳುಗಳಿಗೆ ಮೂರು ಮೂರು, ಹೆಬ್ಬೆರಳಿಗೆ ಎರಡು. ಕಾಲಿನ ಬೆರಳುಗಳಲ್ಲಿಯೂ ಇದೇ ಕ್ರಮ. ಅಲ್ಲಿಯೂ ಹೆಬ್ಬೆರಳಿಗೆ ಎರಡೇ. ನಮ್ಮ ವಿಚಾರಕ್ಕೆ ಮುಖ್ಯವಾದುದು ಈ ಕಡೆಯ ಸಂಖ್ಯೆ.

೨

ಪ್ರಾಚೀನರ ಲೆಕ್ಕಗಳಲ್ಲಿ ೩೬೦ ಎಂಬುದು ಬಹು ಹಳೆಯದು. ಶತಪಥಬ್ರಾಹ್ಮಣದ ಹತ್ತನೆಯ ಕಾಂಡದಲ್ಲಿ, ಅಗ್ನಿಚಯನದ ರಹಸ್ಯವನ್ನು ಹೇಳುವಾಗ, ಚಿತಿಯ ಸುತ್ತಲೂ ನಿಲ್ಲಿಸುವ ಪರಿಶ್ರಿತ್ತುಗಳೆಂಬ ಕಲ್ಲುಗಳಿಗೂ ಪುರುಷನ ಎಲುಬುಗಳಿಗೂ ಸಾಮ್ಯವನ್ನು ಹೇಳಿದೆ, ಎರಡೂ ೩೬೦, ಸಂವತ್ಸರದ ರಾತ್ರಿಗಳೂ ಅಷ್ಟೇ. ಅಲ್ಲಿ ಎಲುಬುಗಳನ್ನು ಒಂದೊಂದಾಗಿ ಎಣಿಸಿ ಮೊತ್ತಕ್ಕೆ ಬಂದುದಲ್ಲ. ಯಜ್ಞಪುರುಷನೂ ಸಂವತ್ಸರವೂ ಒಂದೇ ಎಂಬ ದೃಷ್ಟಿಯಿಂದ ಮೊತ್ತವೇ ಮೊದಲು ಹುಟ್ಟಿತು. ವಿವರವು ಆಮೇಲೆ ಬಂದು ಆ ಮೊತ್ತದೊಳಗೆ ತುಂಬಿಕೊಂಡಿತು.

ಈ ವಿವರವನ್ನು ಚರಕಸಂಹಿತೆಯ ಶಾರೀರಸ್ಥಾನದ ಏಳನೆಯ ಅಧ್ಯಾಯದಲ್ಲಿ ನೋಡಬಹುದು. ಅಲ್ಲಿ ಹಲ್ಲು ೩೨, ಹಲ್ಲಿನ ಗುಳಿ ೩೨, ಉಗುರು ೨೦ ಎಂದು ಆರಂಭಿಸಿ, ಕೈಕಾಲುಗಳ ಬೆರಳೆಲುಬುಗಳು ೬೦, ಶಲಾಕೆಗಳು ೨೦, ಆ ಶಲಾಕೆಗಳ ಅಧಿಷ್ಠಾನಗಳು ೪, ಹಿಮ್ಮಡಿಯ ಎಲುಬುಗಳು ೨, ಕಾಲಿನ ಗುಲ್ಫಗಳು ೪, ಕೈಗಳ ಮಣಿಕಗಳು ೨ ಎಂದು ಎಣಿಕೆ ಸಾಗುತ್ತದೆ. ಶಲಾಕೆಯೆಂದರೆ ಕಡ್ಡಿ, ಅಂಗೈಯ ನೀಳವಾದ ಎಲುಬಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕುವುದು ಕಷ್ಟ. ಅಧಿಷ್ಠಾನವೆಂದರೆ ಆ ಐದು ಕಡ್ಡಿಗಳೂ ಬಂದು ನಿಲ್ಲುವ ನೆಲೆ. ಮಣಿಕವೆಂದರೆ ಮಣಿಕಟ್ಟಿನ ಎಲುಬು. ಯಾಜ್ಞವಲ್ಕ್ಯಸ್ಮೃತಿಯ ಮೂರನೆಯ ಅಧ್ಯಾಯದಲ್ಲಿಯೂ ಯತಿಗೆ ದೇಹದಲ್ಲಿ ವೈರಾಗ್ಯ ಹುಟ್ಟಲೆಂದು ೩೬೦ರ ಲೆಕ್ಕವೇ ಬಂದಿದೆ. ಅಲ್ಲಿಯೂ ಶಲಾಕೆಗಳಿಗೆ ನಾಲ್ಕು ನೆಲೆಗಳು, ಬೆರಳುಗಳಿಗೆ ಅರವತ್ತು ಎಲುಬುಗಳು. ಆ ಸ್ಮೃತಿಗೆ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದವನಾದುದರಿಂದ, ಈ ಲೆಕ್ಕವು ಕನ್ನಡ ನಾಡಿನ ಧರ್ಮಶಾಸ್ತ್ರದ ಪಾಠದಲ್ಲಿಯೂ ನೆಲೆಗೊಂಡಿತ್ತೆಂದು ಹೇಳಬಹುದು. ಬೇರೆ ಸಂಪ್ರದಾಯಗಳಲ್ಲಿ ಬೇರೆ ಲೆಕ್ಕಗಳೂ ಉಂಟು. ಕ್ರಿಸ್ತಶಕ ಐದನೆಯ ಶತಮಾನದ ಬುದ್ಧಘೋಷನ ವಿಸುದ್ಧಿಮಗ್ಗದಲ್ಲಿ ಕೈಯೆಲುಬುಗಳು ೬೪, ಎಂದರೆ ಕೈಯೊಂದಕ್ಕೆ ೩೨.

ಈಗ ಚರಕನ ಲೆಕ್ಕವನ್ನು ಒಂದು ಕೈಗೆ ಹಂಚಿ ನೋಡೋಣ. ಬೆರಳೆಲುಬು ೧೫, ಶಲಾಕೆ ೫, ಅಧಿಷ್ಠಾನ ೧, ಮಣಿಕ ೧, ಉಗುರು ೫. ಕೂಡಿದರೆ ೨೭. ಇಂದಿನ ಸಂಖ್ಯೆಯೂ ೨೭. ಇದನ್ನು ಕಂಡು, ಚರಕನು ಇಂದಿನ ಶಾಸ್ತ್ರಕ್ಕೆ ಎರಡು ಸಾವಿರ ವರ್ಷ ಮೊದಲೇ ಅದೇ ಸಂಖ್ಯೆಯನ್ನು ಹೇಳಿದನೆಂದು ಸಂತೋಷಪಡುವವರು ಇರಬಹುದು. ಆದರೆ ಈ ಸಂತೋಷಕ್ಕೆ ಆಧಾರವಿಲ್ಲ. ಇಂದಿನ ೨೭ರಲ್ಲಿ ಉಗುರು ಸೇರಿಲ್ಲ. ಚರಕನ ೨೭ರಲ್ಲಿ ಮಣಿಕಟ್ಟಿನ ಎಂಟು ಎಲುಬುಗಳು ಎರಡಾಗಿವೆ, ಬೆರಳುಗಳ ಹದಿನಾಲ್ಕು ಹದಿನೈದಾಗಿವೆ, ಉಳಿದ ಕೊರತೆಯನ್ನು ಐದು ಉಗುರುಗಳು ತುಂಬಿವೆ. ಮೊತ್ತವು ಕೂಡಿಬಂದ ಮಾತ್ರಕ್ಕೆ ಲೆಕ್ಕವು ಕೂಡಿಬಂದಂತಾಗಲಿಲ್ಲ. ಮೊತ್ತಗಳ ಸಾಮ್ಯವನ್ನು ನಂಬಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

೩

ಇನ್ನು ಸುಶ್ರುತಸಂಹಿತೆ. ಅದರ ಶಾರೀರಸ್ಥಾನದ ಐದನೆಯ ಅಧ್ಯಾಯದಲ್ಲಿ, ವೇದವಾದಿಗಳು ೩೬೦ ಎಲುಬುಗಳನ್ನು ಹೇಳುವರೆಂದೂ ಶಲ್ಯತಂತ್ರದಲ್ಲಿ ಅವು ೩೦೦ ಮಾತ್ರವೆಂದೂ ಗ್ರಂಥಕಾರನು ಬಿಚ್ಚಿ ಹೇಳುತ್ತಾನೆ. ವೇದವಾದಿಗಳ ಸಂಖ್ಯೆಯನ್ನು ಅವರ ಹೆಸರಿನಲ್ಲಿಯೇ ಹೇಳಿ ಪಕ್ಕಕ್ಕಿರಿಸಿ, ತನ್ನ ಶಾಸ್ತ್ರದ ಸಂಖ್ಯೆಯನ್ನು ಬೇರೆಯಾಗಿ ಹೇಳುವ ಈ ಧೈರ್ಯವು ಗಮನಿಸತಕ್ಕದ್ದು. ಕೈಕಾಲುಗಳಲ್ಲಿ ೧೨೦, ನಡು ಪಕ್ಕೆ ಬೆನ್ನು ಎದೆಗಳಲ್ಲಿ ೧೧೭, ಕುತ್ತಿಗೆಯಿಂದ ಮೇಲೆ ೬೩ ಎಂದು ಅವನ ವಿಭಾಗ. ಕಾಲಿನ ವಿವರ ಹೀಗಿದೆ: ಒಂದೊಂದು ಬೆರಳಿಗೆ ಮೂರು ಮೂರರಂತೆ ೧೫, ತಲ ಕೂರ್ಚ ಗುಲ್ಫಗಳನ್ನು ಆಶ್ರಯಿಸಿದವು ೧೦, ಹಿಮ್ಮಡಿಯಲ್ಲಿ ೧, ಜಂಘೆಯಲ್ಲಿ ೨, ಮೊಣಕಾಲಿನಲ್ಲಿ ೧, ತೊಡೆಯಲ್ಲಿ ೧, ಒಟ್ಟು ೩೦. ಬಳಿಕ, ಇನ್ನೊಂದು ಕಾಲೂ ಎರಡು ತೋಳುಗಳೂ ಇದರಿಂದಲೇ ಹೇಳಿದಂತಾಯಿತೆಂದು ಮುಗಿಸುತ್ತಾನೆ. ಎಂದರೆ ಕೈಯ ಎಲುಬುಗಳನ್ನು ಅವನು ಎಣಿಸಿಯೇ ಇಲ್ಲ. ಕಾಲಿನ ಲೆಕ್ಕವನ್ನು ಕೈಗೆ ಒಯ್ದಿದ್ದಾನೆ.

ಮೀಮಾಂಸೆಯನ್ನು ಓದಿದವರು ಇದನ್ನು ಅತಿದೇಶವೆಂದು ಕೂಡಲೇ ಗುರುತಿಸುವರು. ಒಂದು ಕರ್ಮದಲ್ಲಿ ಅಂಗಗಳೆಲ್ಲವನ್ನೂ ಪೂರ್ತಿಯಾಗಿ ವಿಧಿಸಿ, ಇನ್ನೊಂದರಲ್ಲಿ ಅದರಂತೆಯೇ ಮಾಡತಕ್ಕದ್ದೆಂದರೆ, ಮೊದಲಿನದು ಪ್ರಕೃತಿ, ಎರಡನೆಯದು ವಿಕೃತಿ. ಆದರೆ ಜೈಮಿನಿಯು ಏಳು ಎಂಟನೆಯ ಅಧ್ಯಾಯಗಳಲ್ಲಿ ಅತಿದೇಶವನ್ನು ಹೇಳಿ ಸುಮ್ಮನಾಗಲಿಲ್ಲ. ಒಂಬತ್ತನೆಯದರಲ್ಲಿ ಊಹವನ್ನೂ ಹತ್ತನೆಯದರಲ್ಲಿ ಬಾಧವನ್ನೂ ವಿಚಾರಿಸಿದನು. ಅಗ್ನಿಗೆ ಹೇಳಿದ ಮಂತ್ರವು ಸೂರ್ಯನ ಚರುವಿಗೆ ಬಂದಾಗ ಅಗ್ನಿಯ ಹೆಸರಿನ ಎಡೆಯಲ್ಲಿ ಸೂರ್ಯನ ಹೆಸರನ್ನು ಇಡುವುದು ಊಹ. ಬತ್ತವನ್ನು ಕುಟ್ಟಬೇಕೆಂಬ ವಿಧಿಯು ಚಿನ್ನದ ಕಾಳುಗಳ ಚರುವಿಗೆ ಬಂದಾಗ, ಆ ಕಾಳುಗಳಿಗೆ ಹೊಟ್ಟಿಲ್ಲವಾದ್ದರಿಂದ, ಕುಟ್ಟುವುದು ಬಿದ್ದುಹೋಗುವುದು ಬಾಧ. ವಸ್ತುವು ಒಪ್ಪದ ಎಡೆಯಲ್ಲಿ ಅತಿದೇಶವು ತಗ್ಗಬೇಕೆಂಬುದು ನಮ್ಮ ಶಾಸ್ತ್ರದ ನಿರ್ಣಯವೇ.

ಈ ನಿಯಮವನ್ನು ಹಿಡಿದು ಕೈಯನ್ನು ನೋಡಿದರೆ, ಕಾಲಿನ ಜಂಘೆಯ ಎರಡು ಎಲುಬುಗಳು ಮುಂದೋಳಿನ ಎರಡಕ್ಕೆ ಸರಿಹೋಗುತ್ತವೆ. ತೊಡೆಯ ಒಂದು ಮೇಲ್ದೋಳಿನ ಒಂದಕ್ಕೆ ಸರಿಹೋಗುತ್ತದೆ. ಮೊಣಕಾಲ ಚಿಪ್ಪಿನ ಎಡೆಯಲ್ಲಿ ಮೊಣಕೈಯ ತುದಿಯನ್ನು ಊಹಿಸಿಕೊಳ್ಳಬಹುದಾದರೂ, ಆ ತುದಿಯು ಮುಂದೋಳಿನ ಎಲುಬಿನ ಭಾಗವೇ ಹೊರತು ಬೇರೆ ಎಲುಬಲ್ಲ. ಹಿಮ್ಮಡಿಯಂತೂ ಕೈಗಿಲ್ಲವೇ ಇಲ್ಲ. ಚಿನ್ನದ ಕಾಳಿಗೆ ಹೊಟ್ಟಿಲ್ಲದಂತೆ ಕೈಗೆ ಹಿಮ್ಮಡಿಯಿಲ್ಲ. ಇಲ್ಲಿ ಬಾಧವು ನಡೆಯಬೇಕಿತ್ತು. ಆದರೆ ೧೨೦ ಎಂಬ ಮೊತ್ತವು ಉಳಿಯಬೇಕಾದರೆ ಕೈಗೂ ಒಂದು ಹಿಮ್ಮಡಿಯನ್ನು ಒಪ್ಪಿಕೊಳ್ಳಲೇಬೇಕು. ಚರಕನು ಹಿಮ್ಮಡಿಗಳನ್ನು ಎರಡೇ ಎಂದು ಹೇಳಿ, ಕೈಗೆ ಮಣಿಕವನ್ನು ಬೇರೆಯಾಗಿ ಕೊಟ್ಟದ್ದು ಈ ವಿಷಯದಲ್ಲಿ ಹೆಚ್ಚು ಯಥಾರ್ಥವಾಗಿದೆ.

ಗ್ರಂಥಕಾರನಿಗೆ ಈ ಭೇದವು ತಿಳಿಯದೆ ಇತ್ತೇ? ತಿಳಿದಿತ್ತೆಂಬುದಕ್ಕೆ ಅವನ ಮುಂದಿನ ಅಧ್ಯಾಯವೇ ಸಾಕ್ಷಿ. ಆರನೆಯ ಅಧ್ಯಾಯದಲ್ಲಿ ೧೦೭ ಮರ್ಮಗಳನ್ನು ಹೇಳುವಾಗ, ಕಾಲಿಗೆ ೧೧ ಮರ್ಮಗಳನ್ನು ವಿವರಿಸಿ ಅವನ್ನೇ ತೋಳಿಗೂ ಅತಿದೇಶಮಾಡುತ್ತಾನೆ. ಆದರೆ ಅಲ್ಲಿ, ಕಾಲಿನಲ್ಲಿ ಗುಲ್ಫ ಜಾನು ವಿಟಪಗಳೆಂದು ಹೇಳಿದವು ತೋಳಿನಲ್ಲಿ ಮಣಿಬಂಧ ಕೂರ್ಪರ ಕಕ್ಷಧರಗಳೆಂದು ತಿಳಿಯಬೇಕೆಂದು ವಿಶೇಷವನ್ನು ಕಂಠೋಕ್ತವಾಗಿ ಸೇರಿಸುತ್ತಾನೆ. ಮರ್ಮದಲ್ಲಿ ಶಸ್ತ್ರವು ತಾಗಿದರೆ ರೋಗಿಯ ಪ್ರಾಣಕ್ಕೆ ಅಪಾಯ. ಅಲ್ಲಿ ಊಹವನ್ನು ಶಿಷ್ಯನ ಪಾಲಿಗೆ ಬಿಡಲಾಗದು. ಎಲುಬಿನ ಎಣಿಕೆಯಲ್ಲಿ ಆ ಭಯವಿಲ್ಲದುದರಿಂದ ಸೂತ್ರವು ಸಂಕ್ಷಿಪ್ತವಾಗಿ ನಿಂತಿತೆಂದು ಊಹಿಸಬಹುದು.

೪

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಬೆರಳಿಗೆ ಮೂರು ಮೂರರಂತೆ ೧೫ ಎಂದು ಎಣಿಸಿದ ಅದೇ ಐದನೆಯ ಅಧ್ಯಾಯದಲ್ಲಿ, ಕೆಲವೇ ವಾಕ್ಯಗಳ ಬಳಿಕ, ಸಂಧಿಗಳ ಎಣಿಕೆ ಬರುತ್ತದೆ. ಸಂಧಿಗಳು ೨೧೦, ಅವುಗಳಲ್ಲಿ ಕೈಕಾಲುಗಳಿಗೆ ೬೮, ಕೋಷ್ಠಕ್ಕೆ ೫೯, ಕುತ್ತಿಗೆಯಿಂದ ಮೇಲೆ ೮೩. ಕಾಲಿನ ವಿವರದಲ್ಲಿ ಒಂದೊಂದು ಬೆರಳಿಗೆ ಮೂರು ಮೂರು ಸಂಧಿಗಳು, ಅಂಗುಷ್ಠಕ್ಕೆ ಎರಡು, ಹೀಗೆ ೧೪, ಮೊಣಕಾಲು ಗುಲ್ಫ ತೊಡೆಸಂದುಗಳಲ್ಲಿ ಒಂದೊಂದು, ಒಟ್ಟು ೧೭. ನಾಲ್ಕು ಶಾಖೆಗಳಿಗೆ ೬೮. ಬೆರಳುಗಳ ಸಂಧಿಗಳು ಕದದ ಕೀಲಿನಂತಹ ಕೋರವೆಂಬ ಜಾತಿಯವೆಂದೂ ಅಲ್ಲಿಯೇ ಹೇಳಿದೆ.

ಈ ೧೪ ಎಂಬ ಸಂಖ್ಯೆಯು ಅತ್ಯಂತ ಯಥಾರ್ಥವಾದುದು. ಓದುಗರು ತಮ್ಮ ಬೆರಳುಗಳನ್ನು ಮಡಿಚಿ ನೋಡಲಿ: ನಾಲ್ಕು ಬೆರಳುಗಳಲ್ಲಿ ಬುಡದ್ದೂ ಸೇರಿ ಮೂರು ಮೂರು ಗೆಣ್ಣುಗಳು ಮಡಿಯುತ್ತವೆ, ಹೆಬ್ಬೆರಳಿನಲ್ಲಿ ಎರಡು. ಮೂರು ಎಲುಬುಳ್ಳ ಬೆರಳಿಗೆ ಮೂರು ಸಂಧಿಯಾದರೆ, ಎರಡು ಸಂಧಿಯುಳ್ಳ ಬೆರಳಿಗೆ ಎರಡು ಎಲುಬೆಂದು ಸಿದ್ಧವಾಗುತ್ತದೆ. ಹಾಗಾದರೆ ಎಲುಬುಗಳೂ ೧೪ ಆಗಬೇಕು. ಸಂಧಿಯನ್ನು ಎಣಿಸುವಾಗ ಅಂಗುಷ್ಠವನ್ನು ಬೇರೆಯಾಗಿ ಹೆಸರಿಸಿ ಅಪವಾದವನ್ನು ಹೇಳಿದವನು, ಎಲುಬನ್ನು ಎಣಿಸುವಾಗ ಅದನ್ನು ಉಳಿದ ಬೆರಳುಗಳ ಸಾಲಿಗೆ ಸೇರಿಸಿದನು. ಅಂಗುಷ್ಠದ ಈ ಮೂರನೆಯ ಎಲುಬೇ ನಮ್ಮ ಪ್ರಶ್ನೆ.

ಇದಕ್ಕೆ ಮೂರು ಬಗೆಯ ಸಮಾಧಾನಗಳನ್ನು ಹೇಳಬಹುದು.

ಮೊದಲನೆಯದು, ಅಂಗೈಯಲ್ಲಿ ಅಂಗುಷ್ಠದ ಬುಡಕ್ಕಿರುವ ಶಲಾಕೆಯನ್ನೇ ಬೆರಳಿಗೆ ಸೇರಿಸಿ ಮೂರೆಂದು ಹೇಳಿರಬಹುದೆಂಬುದು. ಈ ಪಕ್ಷವು ಹಗುರವಾದುದಲ್ಲ. ಕ್ರಿಸ್ತಶಕ ಎರಡನೆಯ ಶತಮಾನದ ಯವನವೈದ್ಯನಾದ ಗ್ಯಾಲೆನನು ಹೀಗೆಯೇ ಎಣಿಸಿದ್ದಾನೆ; ಅವನಿಗೆ ಅಂಗೈಯ ಎಲುಬುಗಳು ನಾಲ್ಕು, ಬೆರಳೆಲುಬುಗಳು ಹದಿನೈದು, ಮಣಿಕಟ್ಟಿನವು ಎಂಟು; ಒಟ್ಟು ೨೭ ಕೆಡದೆ ಉಳಿಯುತ್ತದೆ. ವಸ್ತುಸ್ಥಿತಿಯೂ ಈ ಪಕ್ಷಕ್ಕೆ ಸ್ವಲ್ಪ ಅನುಕೂಲವಾಗಿದೆ. ಬೆಳೆಯುವ ವಯಸ್ಸಿನಲ್ಲಿ ಉಳಿದ ನಾಲ್ಕು ಶಲಾಕೆಗಳಿಗೆ ಬೆಳವಣಿಗೆಯ ಕೊನೆಯು ಬೆರಳ ಕಡೆಯ ತಲೆಯಲ್ಲಿದ್ದರೆ, ಅಂಗುಷ್ಠದ ಶಲಾಕೆಗೆ ಬೆರಳೆಲುಬುಗಳಂತೆ ಬುಡದಲ್ಲಿದೆ. ೧೮೯೫ನೆಯ ಡಿಸೆಂಬರ್ ೨೨ರಂದು ರಾಂಟ್ಗೆನನು ತಾನು ಕಂಡುಹಿಡಿದ ಕಿರಣಗಳಿಂದ ತನ್ನ ಪತ್ನಿಯ ಕೈಯ ಎಲುಬುಗಳನ್ನು ಉಂಗುರಸಹಿತ ಚಿತ್ರಿಸಿದ ಮೇಲೆ, ಮಕ್ಕಳ ಕೈಯಲ್ಲಿ ಈ ಭೇದವನ್ನು ಚರ್ಮವನ್ನು ಸೀಳದೆಯೇ ನೋಡುವುದು ಸಾಧ್ಯವಾಗಿದೆ. ಆದುದರಿಂದ ಅಂಗುಷ್ಠದ ಶಲಾಕೆಯು ಶಲಾಕೆಯೋ ಬೆರಳೋ ಎಂಬ ಸಂಶಯವು ಬುದ್ಧಿವಂತರಿಗೇ ಬರತಕ್ಕ ಸಂಶಯ.

ಆದರೂ ನಮ್ಮ ಗ್ರಂಥಗಳಿಗೆ ಈ ಸಮಾಧಾನವು ಹೊಂದುವುದಿಲ್ಲ. ಚರಕನು ಶಲಾಕೆಗಳನ್ನು ೨೦ ಎಂದು, ಎಂದರೆ ಶಾಖೆಗೆ ಐದರಂತೆ, ಬೇರೆಯಾಗಿ ಎಣಿಸಿರುವನು; ಅಂಗುಷ್ಠದ ಶಲಾಕೆಯು ಅಲ್ಲಿ ಒಮ್ಮೆ ಬಂದಮೇಲೆ ಬೆರಳಲ್ಲಿ ಮತ್ತೊಮ್ಮೆ ಬರಲಾರದು. ಸುಶ್ರುತನು ತಲಕೂರ್ಚಗುಲ್ಫಗಳ ಹತ್ತನ್ನು ಮೂಲದಲ್ಲಿ ಬಿಡಿಸಿ ಹೇಳದಿರುವುದರಿಂದ ಅಲ್ಲಿ ಎಡೆಯಿರುವಂತೆ ತೋರಬಹುದು. ಆದರೆ ಅವನು ಎಣಿಸಿದ್ದು ಕಾಲನ್ನು. ಕೈಯ ಅಂಗುಷ್ಠದ ಶಲಾಕೆಯು ಬಿಡಿಯಾಗಿ ಆಡುವುದರಿಂದ ಬೆರಳಿನಂತೆ ಕಾಣುವುದು ನಿಜ. ಕಾಲಿನ ಹೆಬ್ಬೆರಳ ಶಲಾಕೆಯು ಉಳಿದ ನಾಲ್ಕರ ಜೊತೆ ಅಂಗಾಲಿನಲ್ಲಿ ಕಟ್ಟುಬಿದ್ದಿದೆ. ಅದನ್ನು ಬೆರಳೆಂದು ಯಾರೂ ಹೇಳಲಾರರು. ಕೈಯಲ್ಲಿ ಹೇಳಬಹುದಾದ ಸಮಾಧಾನವು, ಪ್ರಕೃತಿಯಾದ ಕಾಲಿನಲ್ಲಿಯೇ ನಿಲ್ಲದಿದ್ದಮೇಲೆ, ವಿಕೃತಿಯಲ್ಲಿ ನಿಲ್ಲುವುದೆಂತು?

ಎರಡನೆಯದು, ಲೇಖಕರ ಪ್ರಮಾದವೆಂಬುದು. ೧೪ ಎಂದಿದ್ದುದನ್ನು ಪ್ರತಿಮಾಡುವವರು ೧೫ ಎಂದು ತಿದ್ದಿರಬಹುದೆಂದು ಶಂಕಿಸಿದರೆ, ಮೊತ್ತಗಳೇ ಅದನ್ನು ತಡೆಯುತ್ತವೆ. ಬೆರಳಿಗೆ ೧೪ ಆದರೆ ಸುಶ್ರುತನ ಶಾಖೆಗೆ ೨೯ ಆಗಿ, ೧೨೦ ಎಂಬುದು ೧೧೬ಕ್ಕೂ ೩೦೦ ಎಂಬುದು ೨೯೬ಕ್ಕೂ ಇಳಿಯುತ್ತದೆ. ಚರಕನ ೬೦ ಎಂಬುದು ೫೬ ಆಗಿ, ಸಂವತ್ಸರದ ೩೬೦ ರಾತ್ರಿಗಳಲ್ಲಿ ನಾಲ್ಕು ಕಳೆದುಹೋಗುತ್ತವೆ. ಎರಡು ಸಂಪ್ರದಾಯಗಳ ಎರಡು ಮೊತ್ತಗಳೂ ಒಂದೇ ೧೫ರ ಮೇಲೆ ನಿಂತಿರುವಾಗ ಅದನ್ನು ಕೈತಪ್ಪೆಂದು ಹೇಳಲಾಗದು.

ಮೂರನೆಯದು, ಶಿಶುಗಳಲ್ಲಿ ಎಲುಬಿನ ತುಣುಕುಗಳು ಕೂಡಿಕೊಳ್ಳದೆ ಹೆಚ್ಚಾಗಿರುವುದರಿಂದ ಸುಶ್ರುತನು ಶಿಶುಶರೀರವನ್ನು ಎಣಿಸಿರಬಹುದೆಂಬುದು. ಇದೂ ನಿಲ್ಲದು. ಅವನ ಮುನ್ನೂರರಲ್ಲಿ ೩೨ ಹಲ್ಲುಗಳು ಸೇರಿವೆ. ಶಿಶುವಿಗೆ ಮೂವತ್ತೆರಡು ಹಲ್ಲೆಲ್ಲಿಯದು? ಅಲ್ಲದೆ ಹುಟ್ಟಿದ ಕೂಸಿನ ಮಣಿಕಟ್ಟಿನಲ್ಲಿ ಎಂಟು ತುಣುಕುಗಳೂ ಮೃದ್ವಸ್ಥಿಯ ರೂಪದಲ್ಲಿರುತ್ತವೆ. ಮೊದಲ ಕೆಲವು ತಿಂಗಳುಗಳಲ್ಲಿ ಎರಡು ಗಟ್ಟಿಯಾಗತೊಡಗಿ, ಬಟಾಣಿಕಾಳಿನಂತಹುದು ಎಲ್ಲಕ್ಕಿಂತ ಕಡೆಗೆ, ಸುಮಾರು ಒಂಬತ್ತರಿಂದ ಹನ್ನೆರಡನೆಯ ವಯಸ್ಸಿನಲ್ಲಿ, ಎಲುಬಾಗುತ್ತದೆ. ಕೈಯ ಮಟ್ಟಿಗೆ ಶಿಶುವಿನಲ್ಲಿ ಎಲುಬುಗಳು ಕಡಮೆಯಾಗುತ್ತವೆಯೇ ಹೊರತು ಹೆಚ್ಚಾಗುವುದಿಲ್ಲ.

೫

ಹೀಗೆ ಮೂರು ಸಮಾಧಾನಗಳೂ ಬಿದ್ದಮೇಲೆ ಉಳಿಯುವುದೇನು? ಒಂದೇ ಅಧ್ಯಾಯದಲ್ಲಿ ಎರಡು ಬಗೆಯ ಜ್ಞಾನಗಳು ಪಕ್ಕಪಕ್ಕದಲ್ಲಿ ಕುಳಿತಿವೆಯೆಂದು ಒಪ್ಪಬೇಕಾಗುತ್ತದೆ. ಎಲುಬಿನ ಸಂಖ್ಯೆಯು ಪರಂಪರೆಯಿಂದ ಬಂದುದು. ಬೆರಳಿಗೆ ಮೂರೆಂಬ ಸಮನಾದ ಸೂತ್ರವೂ ದುಂಡಾದ ಮೊತ್ತವೂ ಅದನ್ನು ನೆನಪಿನಲ್ಲಿ ಉಳಿಸಿದವು. ಸುಶ್ರುತನು ವೇದವಾದಿಗಳ ಅರವತ್ತನ್ನು ಕಳೆದರೂ ಬೆರಳುಗಳ ಹದಿನೈದನ್ನು ಮುಟ್ಟಲಿಲ್ಲ. ಸಂಧಿಯ ಸಂಖ್ಯೆಯಾದರೋ ಶಲ್ಯವೈದ್ಯನ ಕೈಯಿಂದ ಬಂದುದು. ಸಂದು ತಪ್ಪಿದ ಬೆರಳನ್ನು ಎಳೆದು ಕೂರಿಸುವವನಿಗೆ ಎಷ್ಟು ಕೀಲುಗಳಿವೆಯೆಂಬುದು ಬಾಯಿಪಾಠದ ಮಾತಲ್ಲ, ದಿನದಿನದ ಅನುಭವ. ಆದುದರಿಂದಲೇ ಅಲ್ಲಿ ಅಂಗುಷ್ಠದ ಅಪವಾದವು ತಾನಾಗಿ ಬಂದಿತು.

ಅಂಗುಷ್ಠವು ಎಲುಬಿನ ಎಣಿಕೆಯಲ್ಲಿ ಮರೆತುಹೋಗಲು ಇನ್ನೊಂದು ಕಾರಣವನ್ನೂ ಊಹಿಸಬಹುದು. ನಮ್ಮಲ್ಲಿ ಬೆರಳಿನ ಗೆಣ್ಣುಗಳು ಎಣಿಕೆಯ ಸಾಧನ. ಗಾಯತ್ರೀಜಪದ ಕರಮಾಲೆಯಲ್ಲಿ ಅನಾಮಿಕೆಯ ನಡುಪರ್ವದಿಂದ ಹೊರಟು, ಅದರ ಬುಡ, ಕಿರುಬೆರಳ ಮೂರು, ಅನಾಮಿಕೆಯ ತುದಿ, ನಡುಬೆರಳ ತುದಿ, ತೋರುಬೆರಳ ಮೂರು ಎಂದು ಹತ್ತು ಪರ್ವಗಳನ್ನು ಎಣಿಸಿ, ನಡುಬೆರಳ ಉಳಿದೆರಡನ್ನು ಮೇರುವೆಂದು ಬಿಡುತ್ತೇವೆ. ನಾಲ್ಕು ಬೆರಳಿಗೆ ಮೂರು ಮೂರರಂತೆ ಹನ್ನೆರಡು ಪರ್ವಗಳು ಲೆಕ್ಕಕ್ಕೆ ಬಂದವು. ಎಣಿಸುತ್ತ ಹೋದ ಹೆಬ್ಬೆರಳು ಲೆಕ್ಕದ ಹೊರಗೆ ಉಳಿಯಿತು. ಹೊಳೆ ದಾಟಿದ ಹತ್ತು ಮಂದಿಯಲ್ಲಿ ಎಣಿಸುವವನು ತನ್ನನ್ನು ಬಿಟ್ಟು ಒಂಬತ್ತೇ ಎಂದು ಅತ್ತ ದಶಮನ ಕಥೆಯನ್ನು ವೇದಾಂತಿಗಳು ಹೇಳುವರಷ್ಟೆ. ಇಲ್ಲಿ ಆ ಕಥೆಯು ಸ್ವಲ್ಪ ಮಾರ್ಪಟ್ಟು, ಎಣಿಸುವ ಬೆರಳಿಗೆ ತನ್ನ ಪರ್ವಗಳು ಎಷ್ಟೆಂಬುದೇ ಮರೆತು, ಎಲ್ಲರಂತೆ ತನಗೂ ಮೂರೆಂದು ಬರೆದುಕೊಂಡಂತೆ ಕಾಣುತ್ತದೆ.

ಮಣಿಕಟ್ಟಿನ ಎಂಟು ಎಲುಬುಗಳು ನಮ್ಮ ಗ್ರಂಥಗಳಲ್ಲಿ ಬಿಡಿಬಿಡಿಯಾಗಿ ಕಾಣದಿರುವುದಕ್ಕೂ ಹೀಗೆಯೇ ಕಾರಣವನ್ನು ಹೇಳಬಹುದು. ಸುಶ್ರುತನು ವಿಧಿಸಿದ ಶವಪರೀಕ್ಷೆಯಲ್ಲಿ ವಿಷದಿಂದ ಸಾಯದ, ದೀರ್ಘವ್ಯಾಧಿಯಿಲ್ಲದ, ನೂರು ವರ್ಷವಾಗದ ಪೂರ್ಣಾಂಗವಾದ ದೇಹವನ್ನು ಹುಲ್ಲು ನಾರುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಮರೆಯಾದ ಎಡೆಯಲ್ಲಿ ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಿಸಿ, ಬಳಿಕ ಲಾವಂಚ, ಕೂದಲು, ಬಿದಿರು ಮೊದಲಾದುವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಚರ್ಮದಿಂದ ಮೊದಲ್ಗೊಂಡು ಒಳಹೊರಗಿನ ಅಂಗಗಳನ್ನು ಕಣ್ಣಿನಿಂದ ನೋಡಬೇಕು. ಪದರ ಪದರವಾಗಿ ಬಿಡಿಸಲು ಇದು ಒಳ್ಳೆಯ ಕ್ರಮ. ಆದರೆ ಸ್ನಾಯುಬಂಧಗಳಿಂದ ಬಿಗಿದುಕೊಂಡ ಸಣ್ಣ ಎಲುಬುಗಳು ಏಳು ದಿನದ ನೀರಿಗೆ ಬೇರೆಬೇರೆಯಾಗುವುದು ಕಷ್ಟ. ಅವು ಒಂದು ಕಟ್ಟಿನಂತೆ ಕಾಣುತ್ತವೆ. ಆ ಎಡೆಗೆ ಇಟ್ಟ ಕೂರ್ಚವೆಂಬ ಹೆಸರೂ ಅದನ್ನೇ ಹೇಳುತ್ತದೆ. ಕರ್ಮದಲ್ಲಿ ಬಳಸುವ ದರ್ಭೆಯ ಕಟ್ಟು ಎಲ್ಲರಿಗೂ ತಿಳಿದದ್ದೇ. ರೋಮಕದೇಶದ ಸೆಲ್ಸಸನೂ ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ, ಕೈಯ ಈ ಭಾಗವು ಅನೇಕ ಸಣ್ಣ ಎಲುಬುಗಳಿಂದಾದುದು, ಅವುಗಳ ಸಂಖ್ಯೆ ನಿಶ್ಚಿತವಲ್ಲವೆಂದು ಬರೆದಿದ್ದಾನೆ. ಕಾಣದುದನ್ನು ಸಂಖ್ಯೆ ಹೇಳದೆ ಬಿಟ್ಟ ಅವನೂ, ಕಂಡಂತೆ ಕಟ್ಟೆಂದು ಹೆಸರಿಟ್ಟ ನಮ್ಮವರೂ, ಈ ಎಡೆಯಲ್ಲಿ ಸಮಾನವಾಗಿ ಪ್ರಾಮಾಣಿಕರು.

೬

ಇಷ್ಟನ್ನೂ ವಿಚಾರಿಸಿದ್ದು ಕೇವಲ ಕುತೂಹಲಕ್ಕಲ್ಲ. ಪ್ರಾಚೀನಗ್ರಂಥಗಳನ್ನು ಸಂಪಾದಿಸುವವರಿಗೂ ಪಾಠಹೇಳುವವರಿಗೂ ಇದರಿಂದ ಒಂದು ಕರ್ತವ್ಯವು ಒದಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಂಗದೇಶದ ಗಂಗಾಧರ ಕವಿರಾಜರು ಚರಕಸಂಹಿತೆಯನ್ನು ಅಚ್ಚುಹಾಕಿಸಿದಾಗ ಅಸ್ಥಿಗಣನೆಯ ಭಾಗದಲ್ಲಿ ಕೊಟ್ಟ ಪಾಠವನ್ನು, ೧೯೦೭ರಲ್ಲಿ ಭಾರತೀಯ ಅಸ್ಥಿಶಾಸ್ತ್ರವನ್ನೇ ಕುರಿತು ಗ್ರಂಥ ಬರೆದ ಹೋರ್ನ್‌ಲೆ ಪಂಡಿತರು ಆಕ್ಷೇಪಿಸಿದರು. ಆದರೆ ಹೋರ್ನ್‌ಲೆ ಪಂಡಿತರೂ ಮೂಲವು ಹೀಗಿದ್ದಿರಬೇಕೆಂದು ತಾವೇ ಪಾಠಗಳನ್ನು ಪುನಾರಚಿಸಲು ಹಿಂದೆಗೆಯಲಿಲ್ಲ. ಅವರ ಪರಿಶ್ರಮಕ್ಕೆ ನಾವು ಋಣಿಗಳು. ಆದರೂ, ವಸ್ತುವಿಗೆ ಸರಿಹೋಗುವಂತೆ ಪಾಠವನ್ನು ತಿದ್ದುವುದು ಅಪಾಯದ ದಾರಿ. ಬೆರಳೆಲುಬು ಹದಿನೈದೆಂಬುದನ್ನು ಹದಿನಾಲ್ಕೆಂದು ತಿದ್ದಿಬಿಟ್ಟರೆ ಗ್ರಂಥವು ಶುದ್ಧವಾಯಿತೆಂದು ತೋರಬಹುದು. ನಿಜವಾಗಿ, ಪರಂಪರೆಯ ಸಂಖ್ಯೆಯೂ ಪ್ರತ್ಯಕ್ಷದ ಸಂಖ್ಯೆಯೂ ಎದುರುಬದುರಾಗಿ ನಿಂತ ಚರಿತ್ರೆಯ ಗುರುತು ಅಲ್ಲಿಗೆ ಅಳಿಸಿಹೋಯಿತು. ಹದಿನೈದನ್ನು ಹದಿನೈದಾಗಿಯೇ ಅಚ್ಚುಮಾಡಿ, ಅದರ ಪಕ್ಕದಲ್ಲಿರುವ ಹದಿನಾಲ್ಕು ಸಂಧಿಗಳನ್ನು ಓದುವವನಿಗೆ ತೋರಿಸುವುದೇ ಸಂಪಾದಕನ ಧರ್ಮ.

ಪಾಠಹೇಳುವವರ ಹೊಣೆ ಇದಕ್ಕಿಂತ ದೊಡ್ಡದು. ಶಿಷ್ಯನು ತನ್ನ ಹೆಬ್ಬೆರಳನ್ನು ಮಡಿಚಿ, ಇಲ್ಲಿ ಮೂರು ಎಲ್ಲಿದೆಯೆಂದು ಕೇಳಿದಾಗ, ಅವನನ್ನು ಗದರಿಸಿ ಕೂರಿಸಿದರೆ ಸುಶ್ರುತನ ಮಾತಿಗೇ ವಿರೋಧ. ಪ್ರತ್ಯಕ್ಷವಾಗಿ ಕಂಡದ್ದೂ ಶಾಸ್ತ್ರದಲ್ಲಿ ಕಂಡದ್ದೂ ಎರಡೂ ಕೂಡಿದರೆ ಜ್ಞಾನವು ಬೆಳೆಯುವುದೆಂದು ಆ ಅಧ್ಯಾಯವೇ ಹೇಳುತ್ತದೆ. ಆ ಉಪದೇಶವು ಬಹುಕಾಲ ಆಚರಣೆಯಲ್ಲಿ ಕುಂದಿತ್ತು. ಕಲ್ಕತ್ತೆಯ ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದವನ್ನು ಪಾಠಹೇಳಿದ ಪಂಡಿತ ಮಧುಸೂದನ ಗುಪ್ತರು ೧೮೩೬ರಲ್ಲಿ ಅಲ್ಲಿನ ವೈದ್ಯಕಾಲೇಜಿನಲ್ಲಿ ಶವಚ್ಛೇದನಕ್ಕೆ ಕೈಹಾಕಿದಾಗ, ಹೊಸದೊಂದನ್ನು ತಂದರೆಂದು ಜನರು ತಿಳಿದರು. ಗ್ರಂಥದ ದೃಷ್ಟಿಯಿಂದ ನೋಡಿದರೆ, ಬಿಟ್ಟುಹೋದ ಪಾಠವನ್ನು ಅವರು ಮತ್ತೆ ಹಿಡಿದರು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಗಣನಾಥಸೇನರು ಪ್ರತ್ಯಕ್ಷಶಾರೀರವೆಂಬ ಸಂಸ್ಕೃತಗ್ರಂಥವನ್ನು ರಚಿಸಿ, ಕಂಡ ವಸ್ತುವಿಗೆ ಹಳೆಯ ಭಾಷೆಯಲ್ಲಿಯೇ ಹೆಸರುಗಳನ್ನು ಕೊಟ್ಟದ್ದೂ ಇದೇ ದಾರಿಯಲ್ಲಿ.

ಒಟ್ಟಿನಲ್ಲಿ ಹೇಳುವುದಾದರೆ, ಅಂಗುಷ್ಠದ ಮೂರನೆಯ ಎಲುಬು ದೇಹದಲ್ಲಿಲ್ಲ, ಗ್ರಂಥದಲ್ಲಿದೆ. ಅದನ್ನು ದೇಹದಲ್ಲಿ ಹುಡುಕಿ ತೋರಿಸಲು ಹೊರಡುವುದೂ, ಗ್ರಂಥದಿಂದ ಕಿತ್ತುಹಾಕುವುದೂ ಎರಡೂ ಸಲ್ಲದು. ಅದು ಇಲ್ಲವೆಂಬುದಕ್ಕೆ ಸಾಕ್ಷಿಯನ್ನು ನಾವು ಪರದೇಶದಿಂದ ತರಬೇಕಾಗಿಲ್ಲ. ಸುಶ್ರುತನೇ ಕೆಲವು ವಾಕ್ಯಗಳ ಅಂತರದಲ್ಲಿ ಅದನ್ನು ಇಟ್ಟುಹೋಗಿದ್ದಾನೆ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ೩೬೦, ೩೦೦ ಎಂಬೆರಡು ಮತಗಳನ್ನೂ ಹೇಳಿ ಬಿಟ್ಟಿರುವಂತೆ, ಇತರ ಅವಯವಗಳಲ್ಲಿಯೂ ಎಲುಬು ಸಂಧಿಗಳ ಲೆಕ್ಕಗಳನ್ನು ಎದುರೆದುರಿಗಿಟ್ಟು ಪರೀಕ್ಷಿಸತಕ್ಕ ಎಡೆಗಳು ಎಷ್ಟೋ ಇವೆ. ಬೆನ್ನಿನ ಮತ್ತು ಪಕ್ಕೆಯ ಎಲುಬುಗಳ ವಿಷಯದಲ್ಲಿ ಶ್ರಮವಹಿಸಬಲ್ಲ ವಿದ್ವಾಂಸರು ಈ ಕ್ರಮವನ್ನು ಮುಂದುವರಿಸಿ, ಇಲ್ಲಿ ಹೇಳಿದುದರ ಗುಣದೋಷಗಳನ್ನು ವಿವೇಚಿಸಬೇಕೆಂದು ಪ್ರಾರ್ಥಿಸುತ್ತೇನೆ.